ಒಂದು ಬೆಂಡು ಕಮ್ಮಿ

ಹೋದ ವಾರ ಹಲಸೂರು ಕೆರೆಯ ಪಕ್ಕದ ಸಿಗ್ನಲ್ಲಿನಲ್ಲಿ ಆಟೊ ನಿಂತಿತ್ತು. ನಮ್ಮ ಎಡಕ್ಕೆ ಒಂದು ಹಳೆಯ ಸ್ಕೂಟರು. ಅದರ ಕಾರ್ಬುರೇಟರು ಉಕ್ಕಿ ಪೆಟ್ರೋಲು ತೊಟ್ಟು ತೊಟ್ಟಾಗಿ ರಸ್ತೆಗೆ ಬೀಳುತ್ತಿತ್ತು. ಸವಾರನಿಗೆ ಅದರ ಪರಿವೆಯೇ ಇಲ್ಲ, ಫೋನಿನಲ್ಲಿ ಯಾರನ್ನೋ ಬೈಯುತ್ತಿದ್ದ. ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಆಟೊದಿಂದ ಇಳಿದುಬಿಟ್ಟೆ. "ಏನಾಯ್ತಮ್ಮಾ, ಮರ್ಫಿ ಟೌನ್ ಇನ್ನೂ ಮುಂದೆ ಐತೆ" ಎಂದು ಡ್ರೈವರು ಕೂಗುತ್ತಿದ್ದ. ಕೈಬೀಸಿ ಫುಟ್‌ಪಾತಿಗೆ ಹತ್ತಿ ಮನೆಯವರೆಗೂ ನಡೆದೇ ಹೋದೆ. ಮನೆ ಮುಟ್ಟುವಷ್ಟರಲ್ಲಿ ಎರಡು ವರ್ಷದ ಹಿಂದಿನ ಆ ಬೇಸಿಗೆ ಪೂರ್ತಿ ನೆನಪಾಗಿತ್ತು.

ನಾನು ಹುಟ್ಟಾ ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಚಿಕ್ಕವಳಿದ್ದಾಗ ನಮ್ಮ ಓಣಿಯಲ್ಲಿ ಸೀಮೆಎಣ್ಣೆ ಸ್ಟೌ ಸಿಡಿದು ನನ್ನ ಚಿಕ್ಕಮ್ಮನ ಎರಡೂ ಕೈ ಸುಟ್ಟುಹೋಗಿತ್ತು. ಆಮೇಲೆ ಅವರು ಉದ್ದ ತೋಳಿನ ರವಿಕೆ ಬಿಟ್ಟು ಬೇರೆ ತೊಡಲಿಲ್ಲ. ಅಂದಿನಿಂದ ಬೆಂಕಿಪೆಟ್ಟಿಗೆ ಗೀರುವಾಗಲೂ ಮುಖ ಆಚೆ ತಿರುಗಿಸುವವಳು ನಾನು. ಇಂಥವಳು ಪೆಟ್ರೋಲಿನ ಸಹವಾಸದ ಕೆಲಸ ಹಿಡಿದದ್ದು ಹೇಗೆ ಎಂದು ನಮ್ಮ ಅತ್ತೆ ಇಂದಿಗೂ ಕೇಳುತ್ತಾರೆ. ಹಿಡಿಸಿದ್ದು ಗೌಸ್ ಭಾಯ್.

ಗೌಸ್ ಭಾಯ್ ಶಿವಾಜಿನಗರದ ಮೆಕ್ಯಾನಿಕ್ಕು. ವಯಸ್ಸು ಅರವತ್ತು ದಾಟಿದೆ. ಕಂಟೋನ್ಮೆಂಟಿನ ಬಂಗಲೆಗಳಲ್ಲಿ ಹೊದಿಕೆ ಹೊದ್ದು ಮಲಗಿರುವ ಹಳೆಯ ಇಂಗ್ಲಿಷ್ ಕಾರುಗಳ ನಾಡಿ ಬಲ್ಲವರು ಊರಲ್ಲಿ ಈಗ ನಾಲ್ಕೈದು ಜನ ಉಳಿದಿದ್ದರೆ ಅವರಲ್ಲಿ ಇವರೊಬ್ಬರು. ನಾನು ವಾಚ್ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಜೋಡಣೆ ಮಾಡಿದವಳು. ಕಾರ್ಖಾನೆ ಮುಚ್ಚಿದ ಮೇಲೆ ಮನೆಯಲ್ಲೇ ಗಡಿಯಾರ ರಿಪೇರಿ ಮಾಡಿಕೊಂಡಿದ್ದೆ. ಒಮ್ಮೆ ಅವರ ಕೈಗಡಿಯಾರ ನನ್ನ ಮೇಜಿಗೆ ಬಂತು. ತೆಗೆದುಕೊಂಡು ಹೋಗಲು ಬಂದವರು ನಾನು ಚಿಮಟದಲ್ಲಿ ತಿರುಪು ಕೂರಿಸುವುದನ್ನು ತುಂಬ ಹೊತ್ತು ನೋಡಿ, "ಸುಜಾತಾ ಮಾ, ಕಾರ್ಬುರೇಟರ್ ಬಿಚ್ಚಿ ಕೂರಿಸ್ತೀಯಾ? ಇದಕ್ಕಿಂತ ದೊಡ್ಡ ಸಾಮಾನೇ ಅದು" ಎಂದರು. ಆಗಲೇ ಅವರ ಕೈ ನಡುಗಲು ಶುರುವಾಗಿತ್ತು. ಚಹಾದ ಲೋಟ ಎತ್ತುವಾಗ ಬೆರಳು ತಾಳ ಹಾಕುತ್ತಿದ್ದವು. ಅವರೂ ಅದರ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ.

ಆ ಬೇಸಿಗೆಯ ಮೊದಲಲ್ಲಿ, ಬಿಸಿಲು ಇನ್ನೂ ಏರುವ ಮುಂಚೆ, ಭಾಯ್ ಎರಡು ಬಟ್ಟೆ ಗಂಟು ತಂದು ನಮ್ಮ ಟೆರೇಸಿನ ಮೇಜಿನ ಮೇಲಿಟ್ಟರು. ಒಂದು ಕೆಂಪು, ಒಂದು ಹಸಿರು. ಕೆಂಪಿನಲ್ಲಿ ಮುಂದಿನ ಕಾರ್ಬುರೇಟರು, ಹಸಿರಿನಲ್ಲಿ ಹಿಂದಿನದು. ಕುಕ್ ಟೌನಿನ ಹಲ್ಲಿನ ಡಾಕ್ಟರು ಗ್ಲೋರಿ ಮೇಡಂ ಅವರ ತಂದೆಯ ಕಾಲದ ಕಾರಿನವು. ಎರಡೇ ಸೀಟು, ಬಟ್ಟೆಯ ಮೇಲ್ಛಾವಣಿ, ತಿಳಿನೀಲಿ ಬಣ್ಣ. ಕಾರಿನ ಹೆಸರು ಹೇಳುವುದಿಲ್ಲ. ಆ ಕಡೆಯವರಿಗೆ ಮನೆ ಗೊತ್ತಾಗಿಬಿಡುತ್ತದೆ. ಒಂಬತ್ತು ವರ್ಷ ಶೆಡ್ಡಿನಲ್ಲಿ ನಿಂತಿತ್ತಂತೆ. ಮೇಡಂಗೆ ಅದನ್ನು ಮತ್ತೆ ಓಡಿಸುವ ಹಂಬಲ.

ಕಾರ್ಬುರೇಟರೆಂದರೆ ಗಾಳಿಗೆ ಪೆಟ್ರೋಲನ್ನು ಹದವಾಗಿ ಬೆರೆಸಿ ಎಂಜಿನ್ನಿಗೆ ಉಣಿಸುವ ಡಬ್ಬಿ. ಈ ಕಾರುಗಳದ್ದು ನೋಡಲು ಚೆಂದ. ಮೇಲೆ ಗುಮ್ಮಟ, ಗುಮ್ಮಟದೊಳಗೆ ಏರಿಳಿಯುವ ಪಿಸ್ಟನ್ನು, ಅದರ ಬುಡದಿಂದ ಕೆಳಗಿಳಿದ ಹಿತ್ತಾಳೆಯ ಸೂಜಿ. ಪಕ್ಕದಲ್ಲಿ ಪೆಟ್ರೋಲು ನಿಲ್ಲುವ ಬಟ್ಟಲು, ಅದಕ್ಕೊಂದು ಮುಚ್ಚಳ. ಯಾವ ಕಾರಿಗೆ ಯಾವ ಸೂಜಿ ಎಂದು ತಿಳಿಯಬೇಕಾದರೆ ಮುಚ್ಚಳದ ತಿರುಪಿನ ಕೆಳಗೆ ಸಿಕ್ಕಿಸಿದ ಪುಟ್ಟ ತಗಡಿನ ಬಿಲ್ಲೆ ನೋಡಬೇಕು. ಅದರ ಮೇಲೊಂದು ನಂಬರು ಇರುತ್ತದೆ. ಮುಂದಿನದರ ಬಿಲ್ಲೆ ಎಲ್ಲೋ ಬಿದ್ದುಹೋಗಿತ್ತು. ಹಿಂದಿನದರದು ಇತ್ತು. ಭಾಯ್ ತಮ್ಮ ಜೆರಾಕ್ಸ್ ಪಟ್ಟಿ ತೆಗೆದು ನಂಬರು ಹುಡುಕಿದರು.

"ಇದು ದೊಡ್ಡ ನಾಲ್ಕು ಬಾಗಿಲಿನ ಗಾಡೀದು ಮಾ. ಯಾರೋ ಬದಲಾಯಿಸಿದಾರೆ. ಸೂಜಿ ಎರಡೂ ಇದೇ ನಂಬರಿಗೆ ತರಿಸೋಣ."

"ಭಾಯ್, ಒಂದಿನ ಟೈಮ್ ಕೊಡಿ. ನಾನು ಬಿಚ್ಚಿ ನೋಡ್ತೀನಿ."

"ಬಿಲ್ಲೆ ಸುಳ್ಳು ಹೇಳತ್ತಾ?"

ಬಿಲ್ಲೆ ಸುಳ್ಳೇ ಹೇಳುತ್ತಿತ್ತು. ಮರುದಿನ ಎರಡರ ಸೂಜಿಯನ್ನೂ ಹೊರಗೆ ತೆಗೆದು, ಕಣ್ಣಿಗೆ ವಾಚಿನ ಭೂತಗನ್ನಡಿ ಸಿಕ್ಕಿಸಿಕೊಂಡು ಬುಡ ನೋಡಿದೆ. ಎರಡರ ಮೇಲೂ ಒಂದೇ ಅಕ್ಷರಗಳ ಗುರುತು. ಕಾರ್ಬುರೇಟರಿನ ಬಾಯಿ ಅಳೆದರೆ ಎರಡೂ ಒಂದೂವರೆ ಇಂಚು. ಬಿಲ್ಲೆಯ ಕಾರಿನದು ಅದಕ್ಕಿಂತ ಸಣ್ಣದೆಂದು ಭಾಯ್ ಪಟ್ಟಿಯಲ್ಲೇ ಇತ್ತು. ಆಮೇಲೆ ವಿಷಯ ಬೆಳಕಿಗೆ ಬಂತು. ಶಿವಾಜಿನಗರದ ಹಳೆ ಸಾಮಾನಿನ ಅಂಗಡಿಗಳಲ್ಲಿ ಮುಚ್ಚಳ ಒಡೆದರೆ ಮತ್ತೊಂದರ ಮುಚ್ಚಳ ತೆಗೆದು ಹಾಕಿಬಿಡುತ್ತಾರೆ. ತಿರುಪಿನ ಜೊತೆ ಬಿಲ್ಲೆಯೂ ಬಂದುಬಿಡುತ್ತದೆ. ಇಲ್ಲಿ ಮುಚ್ಚಳವೊಂದೇ ಪರರದ್ದು, ಉಳಿದದ್ದೆಲ್ಲ ಒಂದೇ ಮನೆಯದ್ದು. ಭಾಯ್‌ಗೆ ತೋರಿಸಿದೆ. ಅವರು ಸೂಜಿಯನ್ನು ಬೆಳಕಿಗೆ ಹಿಡಿದು, ಕೈ ನಡುಗಿದ್ದರಿಂದ ನನಗೇ ವಾಪಸು ಕೊಟ್ಟು, ಭೂತಗನ್ನಡಿಯಲ್ಲಿ ಬಗ್ಗಿ ನೋಡಿದರು. "ನಲವತ್ತು ವರ್ಷ ಬಿಲ್ಲೆ ನಂಬಿದೆ ನಾನು" ಎಂದರು. ಆ ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ. ಅವರು ಅಂಗಡಿ ಸಾಲಿನಲ್ಲೆಲ್ಲ ನನ್ನ ಹೆಸರು ಹೇಳಿಕೊಂಡು ಬಂದರು. ಸುಜಾತಾ ಕೈ ಹಾಕಿದರೆ ಮುಗಿಯಿತು, ತಪ್ಪುವುದೇ ಇಲ್ಲ. ಈ ಮಾತು ಮುಂದೆ ನನ್ನ ಬಾಯಿಗೆ ಬೀಗ ಹಾಕುತ್ತದೆಂದು ನನಗೇನು ಗೊತ್ತು.

ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆಸುತ್ತಾರಲ್ಲ, ಹಳೆಯ ರಬ್ಬರು ಅದರಲ್ಲಿ ನೆನೆದು ಮೆತ್ತಗಾಗಿಬಿಡುತ್ತದೆ. ಸೀಲು, ಕವಾಟ, ವಾಷರು ಎಲ್ಲ ಹೊಸದಾಗಿ ಇಂಗ್ಲೆಂಡಿನಿಂದ ಬರಬೇಕು. ಬರಲು ಐದು ವಾರ ಹಿಡಿಯಿತು. ಅಷ್ಟು ದಿನ ಬಿಚ್ಚಿದ ಭಾಗಗಳು ನನ್ನ ಟೆರೇಸಿನ ಶೀಟಿನ ಕೆಳಗೆ ಕೂತಿದ್ದವು. ಒಂದು ಕಡೆ ಅತ್ತೆ ಸಂಡಿಗೆ ಒಣಹಾಕಿದ ಸೀರೆ, ಇನ್ನೊಂದು ಕಡೆ ನನ್ನ ಮೇಜು, ನಡುವೆ ಕಾಗೆ ಓಡಿಸುವ ಕೋಲು. ಪೆಟ್ರೋಲು ವಾಸನೆ ಸಂಡಿಗೆಗೆ ಹತ್ತುತ್ತದೆಂದು ಅತ್ತೆಗೆ ಸಿಟ್ಟು. "ನಿನ್ ಡಬ್ಬಿ ವಾಸ್ನೆ ಹತ್ತಿದ ಸಂಡಿಗೆ ಕರಿದ್ರೆ ಹಾಗೇ ಹೊತ್ಕೊಳ್ಳುತ್ತೆ, ನೋಡ್ತಿರು" ಎನ್ನುತ್ತಿದ್ದರು. ಅವರಿಗದು ತಮಾಷೆ. ನನಗಲ್ಲ. ಅಡುಗೆಮನೆಯಲ್ಲಿ ಒಲೆ ಆರಿದೆಯೇ ಎಂದು ಇಳಿದು ನೋಡಿಬರದೆ ಟೆರೇಸಿನಲ್ಲಿ ಭಾಗ ತೊಳೆಯುವ ಪೆಟ್ರೋಲಿನ ಬಾಟಲಿಯ ಮುಚ್ಚಳವನ್ನೂ ತೆಗೆಯುತ್ತಿರಲಿಲ್ಲ.

ಆ ಬೇಸಿಗೆ ಧೂಳೆಂದರೆ ಧೂಳು. ಎದುರು ರಸ್ತೆ ಅಗೆದು ಹಾಕಿದ್ದರು. ವಾಚ್ ಕಾರ್ಖಾನೆಯಲ್ಲಿ ನಮಗೊಂದು ಪಾಠವಿತ್ತು: ಬಾಯಿ ತೆರೆದ ಯಾವ ತೂತನ್ನೂ ಹಾಗೇ ಬಿಟ್ಟು ಮನೆಗೆ ಹೋಗಬಾರದು. ಅಲ್ಲಿ ಸೂಕ್ಷ್ಮ ಉಪಕರಣ ಒರೆಸಲು ಬೆಂಡು ಇಡುತ್ತಿದ್ದರು. ಮದುವೆಯ ಬಾಸಿಂಗಕ್ಕೆ ಬಳಸುತ್ತಾರಲ್ಲ, ಅದೇ ಹಗುರವಾದ ಬಿಳಿ ಬೆಂಡು. ನಾನು ಹಲಸೂರು ಬಜಾರಿನಲ್ಲಿ ಬಾಸಿಂಗ ಮಾರುವವರ ಹತ್ತಿರ ಒಂದು ಕಡ್ಡಿ ತಂದು, ಬ್ಲೇಡಿನಲ್ಲಿ ಪುಟ್ಟ ಬಿರಡೆಗಳಾಗಿ ಕೊಯ್ದು, ಕಾರ್ಬುರೇಟರಿನ ಒಂದೊಂದು ತೂತಿಗೂ ಒಂದೊಂದು ಸಿಕ್ಕಿಸಿದೆ. ಒಟ್ಟು ಹನ್ನೆರಡು. ಬೆಂಕಿಪೆಟ್ಟಿಗೆಯ ಮೇಲೆ ಪೆನ್ಸಿಲಿನಲ್ಲಿ ಹನ್ನೆರಡು ಎಂದು ಬರೆದಿಟ್ಟೆ. ಹಾಕಿದ್ದೆಷ್ಟೋ ತೆಗೆದದ್ದೂ ಅಷ್ಟೇ ಇರಬೇಕು. ಅದು ಕಾರ್ಖಾನೆಯ ಇನ್ನೊಂದು ಪಾಠ.

ಸಾಮಾನು ಬಂದ ಮೇಲೆ ಎರಡು ದಿನದಲ್ಲಿ ಜೋಡಿಸಿದೆ. ಗುಮ್ಮಟದೊಳಗಿನ ಪಿಸ್ಟನ್ನನ್ನು ಬೆರಳಿನಿಂದ ಎತ್ತಿ ಬಿಟ್ಟರೆ ಅದು ನಿಧಾನವಾಗಿ ಇಳಿದು ಟಕ್ಕೆಂದು ಕೂರಬೇಕು. ಎರಡೂ ಹಾಗೇ ಕೂತವು. ಆ ಸದ್ದು ಕೇಳುತ್ತಿದ್ದ ಹಾಗೆ ಕೆಳಗಿನಿಂದ ಭಾಯ್ ಸ್ಕೂಟರಿನ ಹಾರನ್ನು. ತೆಗೆದ ಬೆಂಡುಗಳನ್ನು ಬೆಂಕಿಪೆಟ್ಟಿಗೆಗೆ ಸುರಿದು, ಡ್ರಾಯರಿಗೆ ತಳ್ಳಿ, ಗಂಟು ಕಟ್ಟಿಕೊಂಡು ಇಳಿದುಬಿಟ್ಟೆ. ಎಣಿಸಲಿಲ್ಲ.

ಶಿವಾಜಿನಗರದ ತಮ್ಮ ಶೆಡ್ಡಿನಲ್ಲಿ ಅವನ್ನು ಕಾರಿಗೆ ಕೂರಿಸುವ ಕೆಲಸ ಭಾಯ್ ಅವರದ್ದು. ಪೆಟ್ರೋಲಿನ ಪೈಪನ್ನು ಮುಚ್ಚಳಕ್ಕೆ ಬಿಗಿಯುವ ಬೋಲ್ಟು ಎರಡು ಫೈಬರ್ ವಾಷರುಗಳ ನಡುವೆ ನೇರವಾಗಿ ಕೂರಬೇಕು. ಅವರ ಬೆರಳು ವಾಷರನ್ನು ಎರಡು ಸಲ ಕೆಳಗೆ ಬೀಳಿಸಿತು.

"ಭಾಯ್, ಕೊಡಿ, ನಾನು ಹಾಕ್ತೀನಿ."

"ನಕ್ಕೋ ಮಾ, ಬೇಡ. ಇದೂ ನೀನೇ ಮಾಡಿದ್ರೆ ಇಲ್ಲಿ ನಾನ್ಯಾಕೆ?"

ನಗುತ್ತಲೇ ಹೇಳಿದರು. ನಾನು ಹಿಂದೆ ಸರಿದು ನಿಂತೆ. ಹಿರಿಯರ ಕೈಯಿಂದ ಸ್ಪ್ಯಾನರ್ ಕಸಿಯುವುದು ಹೇಗೆ? ಕೊನೆಗೆ ಒಂದು ರಬ್ಬರ್ ಪೈಪಿನ ತುದಿ ಕಿವಿಗಿಟ್ಟುಕೊಂಡು, ಇನ್ನೊಂದು ತುದಿಯನ್ನು ಒಂದೊಂದೇ ಕಾರ್ಬುರೇಟರಿನ ಬಾಯಿಗೆ ಹಿಡಿದು, ಎರಡರ ಉಸಿರೂ ಒಂದೇ ಆಗುವ ತನಕ ತಿರುಪು ತಿರುಗಿಸಿದರು. ಆ ಕಿವಿಗೆ ಮಾತ್ರ ಸಾಟಿಯಿಲ್ಲ. ಗ್ಲೋರಿ ಮೇಡಂ ಬಂದು ಕೀಲಿ ತಿರುಗಿಸಿದಾಗ ಎಂಜಿನ್ನು ಮೊದಲ ಸಲಕ್ಕೇ ಎದ್ದಿತು. ಮೇಡಂ ಕಣ್ಣಲ್ಲಿ ನೀರು. ನಾವೆಲ್ಲ ಸಮೋಸ ತಿಂದೆವು.

ನಾಲ್ಕನೆಯ ದಿನ, ಶನಿವಾರ, ಮೇಜು ಒರೆಸುವಾಗ ಬೆಂಕಿಪೆಟ್ಟಿಗೆ ಕೈಗೆ ಬಂತು. ಸುಮ್ಮನೆ ಎಣಿಸಿದೆ. ಹನ್ನೊಂದು. ಮತ್ತೆ ಎಣಿಸಿದೆ. ಪೇಪರಿನ ಮೇಲೆ ಸಾಲಾಗಿ ಇಟ್ಟು, ಒಂದೊಂದನ್ನೂ ಬೆರಳಿನಲ್ಲಿ ಮುಟ್ಟಿ ಎಣಿಸಿದೆ. ಹನ್ನೊಂದೇ.

ಡ್ರಾಯರು ಮಗುಚಿದೆ, ಮೇಜು ಎಳೆದೆ, ಟೆರೇಸಿನ ಮೂಲೆ ಮೂಲೆ ಕೆದಕಿದೆ. ಅತ್ತೆಯನ್ನು ಕೇಳಿದರೆ, "ಬಿಳೀದಾ? ಗುಡಿಸ್ವಾಗ ಏನೇನೋ ಹೋಗುತ್ತೆ, ನಾನೇನು ಎಣಿಸ್ಕೊಂಡು ಗುಡಿಸ್ತೀನಾ?" ಎಂದರು. ಹೋಗಿರಬಹುದು. ಕಾಗೆ ಎತ್ತಿಕೊಂಡಿರಬಹುದು. ಅಥವಾ ಬಟ್ಟಲಿನ ಮುಚ್ಚಳದ ಹೊರಹರಿವಿನ ತೂತಿನಲ್ಲಿ ಕೂತಿರಬಹುದು. ಆ ತೂತಿಗೆ ನಾನು ಬೆಂಡು ಒಳಗಿನವರೆಗೂ ಒತ್ತಿದ್ದು ನೆನಪಿದೆ. ತೆಗೆದದ್ದು ನೆನಪಿಲ್ಲ. ಅದರ ಮೇಲೆ ಕೊಳವೆ ಬಿಗಿದರೆ ಹೊರಗಿನಿಂದ ಯಾರಿಗೂ ಕಾಣುವುದಿಲ್ಲ.

ಬಟ್ಟಲಿನಲ್ಲಿ ಪೆಟ್ರೋಲು ಹೆಚ್ಚಾದರೆ ಆ ತೂತಿನಿಂದ ಕೊಳವೆಗೆ ಇಳಿದು, ಎಂಜಿನ್ನಿನಿಂದ ದೂರ, ರಸ್ತೆಗೆ ಬೀಳಬೇಕು. ತೂತು ಕಟ್ಟಿದ್ದರೆ ಅದು ಕಾರ್ಬುರೇಟರಿನ ಬಾಯಿಂದಲೇ ಉಕ್ಕುತ್ತದೆ. ಈ ಕಾರಿನಲ್ಲಿ ಕಾರ್ಬುರೇಟರಿನ ಸರಿಯಾಗಿ ಕೆಳಗೆ ಕಾದ ಕಬ್ಬಿಣದ ಹೊಗೆಕೊಳವೆ. ನಡುವೆ ಒಂದು ತಗಡು, ಅಷ್ಟೇ. ಚೆನ್ನಾಗಿ ಓಡುತ್ತಿದೆಯಲ್ಲ ಎಂದು ಸಮಾಧಾನ ಮಾಡಿಕೊಳ್ಳುವಂತೆಯೂ ಇರಲಿಲ್ಲ. ಬೆಂಡು ಪೆಟ್ರೋಲು ತಡೆದರೂ ಗಾಳಿ ಬಿಡುತ್ತದೆ. ಗಾಡಿ ಓಡುತ್ತದೆ. ಉಕ್ಕುವ ದಿನದವರೆಗೂ ಓಡುತ್ತದೆ.

ಆಗಲೇ ಫೋನು ಮಾಡಬೇಕಿತ್ತು. ಫೋನು ಕೈಗೆತ್ತಿಕೊಂಡೆ, ಭಾಯ್ ಹೆಸರೂ ಒತ್ತಿದೆ, ರಿಂಗು ಆಗುವ ಮೊದಲೇ ಕಟ್ ಮಾಡಿದೆ. ಅಂಗಡಿ ಸಾಲಿನಲ್ಲಿ ಹೇಳಿಕೊಂಡು ಬಂದಿದ್ದಾರೆ, ಸುಜಾತಾ ಕೈ ತಪ್ಪುವುದೇ ಇಲ್ಲ ಎಂದು. ಈ ಕೆಲಸದಲ್ಲಿ ಹೆಂಗಸು ನಾನೊಬ್ಬಳೇ. ಒಂದು ತಪ್ಪು ಸಿಕ್ಕರೆ ಸಾಕೆಂದು ಕಾಯುವವರು ಸಾಕಷ್ಟು ಜನ. ನಾಳೆ ಹೇಳೋಣ, ಇನ್ನೊಮ್ಮೆ ಹುಡುಕಿ ಹೇಳೋಣ ಎಂದುಕೊಂಡೆ. ಹೀಗೆ ಒಂದು ದಿನ ಹೋಯಿತು, ಎರಡು ಹೋಯಿತು. ಅಗ್ನಿಶಾಮಕದ ಗಾಡಿಯ ಸೈರನ್ನು ಯಾವ ದಿಕ್ಕಿನಿಂದ ಕೇಳಿದರೂ ಟೆರೇಸಿಗೆ ಓಡಿ, ಕುಕ್ ಟೌನಿನ ಕಡೆಯದೇ ಎಂದು ಕಿವಿಗೊಡುತ್ತಿದ್ದೆ. ಊಟ ಸೇರದು. ನಮ್ಮ ಮನೆಯಲ್ಲಿ ಬೆಳಿಗ್ಗೆ ಬುದ್ಧನ ಪಟದ ಮುಂದೆ ಪಂಚಶೀಲದ ಐದು ಮಾತು ಹೇಳಿ ಕೈಮುಗಿಯುವ ರೂಢಿ. ಸುಳ್ಳಾಡುವುದಿಲ್ಲ ಎಂಬ ಮಾತು ಬಂದಾಗ ತುಟಿ ಮಾತ್ರ ಅಲ್ಲಾಡಿಸುತ್ತಿದ್ದೆ. ನಾನು ಸುಳ್ಳೇನೂ ಹೇಳಿಲ್ಲವಲ್ಲ, ಸುಮ್ಮನಿದ್ದೇನೆ ಅಷ್ಟೇ ಎಂದು ಮನಸ್ಸು ವಾದಿಸುತ್ತಿತ್ತು.

ಗುರುವಾರ ತಡೆಯಲಾರದೆ ಕುಕ್ ಟೌನಿಗೆ ಹೋದೆ. ಗೇಟಿನ ಹೊರಗಿನಿಂದ ಕಾರು ನೋಡಿ ಬರುವುದೆಂದು ಲೆಕ್ಕ. ಆದರೆ ಮೇಡಂ ಹೂಕುಂಡಗಳಿಗೆ ನೀರು ಹಾಕುತ್ತಿದ್ದರು, ಕಂಡುಬಿಟ್ಟರು.

"ಅರೆ ಸುಜಾತಾ! ವಾಂಗ, ವಾಂಗ. ಬಿಸಿಲಲ್ಲಿ ಯಾಕೆ ನಿಂತಿದೀರ? ಒಳಗ್ ಬನ್ನಿ."

ನಿಂಬೆ ಷರಬತ್ತು ಕೊಟ್ಟರು. ಕಾರಿನ ಎಡಗಡೆ ಸೀಟಿನ ಮೇಲೆ ಒಂದು ಹೂವಿನ ಚಿತ್ರದ ದಿಂಬು ಇತ್ತು. ಅದು ಯಾಕೆಂದು ನಾನು ಕೇಳುವ ಮೊದಲೇ ಆರು ವರ್ಷದ ಮೊಮ್ಮಗಳು ಓಡಿಬಂದು ಅದರ ಮೇಲೆ ಹತ್ತಿ ಕೂತಳು. ಹೆಸರು ಟೀನಾ. ರಜೆಗೆ ಬಂದಿದ್ದಳು.

"ದಿಂಬಿಲ್ದಿದ್ರೆ ಅವ್ಳಿಗೆ ರೋಡ್ ಕಾಣಲ್ಲ" ಎಂದು ಮೇಡಂ ನಕ್ಕರು. "ಸಂಡೇ ಚರ್ಚ್ ಮುಗಿಸ್ಕೊಂಡು ಹೊಸಕೋಟೆ ಹತ್ರ ತಂಗಿ ಮನೆಗೆ ಊಟಕ್ಕೆ ಹೋಗ್ತಿದೀವಿ, ಇದ್ರಲ್ಲೇ. ಫಸ್ಟ್ ಲಾಂಗ್ ಡ್ರೈವ್!"

"ಗಾಡಿ... ಚೆನ್ನಾಗಿದ್ಯಾ ಮೇಡಂ? ವಾಸ್ನೆ ಗೀಸ್ನೆ ಏನೂ ಇಲ್ವಲ್ಲ?"

"ಸ್ವಲ್ಪ ಪೆಟ್ರೋಲ್ ಸ್ಮೆಲ್ ಇದೆ. ಹಳೇ ಗಾಡಿ ಅಂದ್ರೆ ಇದ್ದೇ ಇರುತ್ತೆ ಅಂತ ಡ್ಯಾಡಿ ಹೇಳ್ತಿದ್ರು. ನಂಗೆ ಆ ಸ್ಮೆಲ್ ಇಷ್ಟಾನೇ."

ಷರಬತ್ತಿನ ಲೋಟ ಕೆಳಗಿಟ್ಟೆ. ಹೊಸಕೋಟೆಗೆ ಹೋಗುವುದೆಂದರೆ ಹಳೆಯ ಮದ್ರಾಸು ರಸ್ತೆ, ಟಿನ್ ಫ್ಯಾಕ್ಟರಿ, ಕೆ.ಆರ್. ಪುರ. ಉರಿಬಿಸಿಲಲ್ಲಿ ಟಿನ್ ಫ್ಯಾಕ್ಟರಿ ಜಾಮಿನಲ್ಲಿ ನಿಂತರೆ ಆಧುನಿಕ ಕಾರೇ ಕೆಂಡವಾಗುತ್ತದೆ. ಬಾನೆಟ್ ಒಂದ್ನಿಮಿಷ ತೆಗೀತೀರಾ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಮಗು ಹಾರನ್ನು ಒತ್ತಿ ನಗುತ್ತಿತ್ತು. "ಬರ್ತೀನಿ ಮೇಡಂ" ಎಂದು ಎದ್ದುಬಂದೆ. ಇದನ್ನು ಬರೆಯುವಾಗಲೂ ನನ್ನ ಮೇಲೆ ನನಗೆ ಅಸಹ್ಯವಾಗುತ್ತದೆ. ಗೇಟು ದಾಟುವ ತನಕ ಮಗುವಿನ ಕಡೆ ನೋಡಲಿಲ್ಲ ನಾನು.

ಭಾನುವಾರ ಬೆಳಿಗ್ಗೆ ಅತ್ತೆ ತಿಂಡಿಗೆ ಕರೆದರು, ಕೂತೆ, ಒಂದು ತುತ್ತು ಬಾಯಿಗಿಟ್ಟುಕೊಂಡು ಎದ್ದೆ. ಚಪ್ಪಲಿ ಮೆಟ್ಟಿ ಶಿವಾಜಿನಗರಕ್ಕೆ ಹೋದೆ. ಭಾಯ್ ಮನೆ ಬಾಗಿಲಲ್ಲಿ ಪೇಪರು ಓದುತ್ತಿದ್ದರು.

"ಭಾಯ್, ಒಂದು ಬೆಂಡು ಕಮ್ಮಿ ಇದೆ."

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಎಲ್ಲ ಹೇಳಿದೆ, ತೂತಿನ ವಿಷಯ, ಮೇಡಂ ಹೇಳಿದ ವಾಸನೆ, ಮಗು, ಹೊಸಕೋಟೆ.

"ಯಾವಾಗ್ಲಿಂದ ಗೊತ್ತು ನಿಂಗೆ?"

"ಎಂಟು ದಿನದಿಂದ. ಹೋದ ವಾರದ ಶನಿವಾರದಿಂದ."

"ಯಾ ಅಲ್ಲಾ" ಎಂದರು. ಬೈಯಲಿಲ್ಲ. ಮೇಡಂ ನಂಬರಿಗೆ ಮೂರು ಸಲ ಫೋನು ಮಾಡಿದರು. ಎತ್ತಲಿಲ್ಲ. ಒಳಗೆ ಹೋಗಿ ಸ್ಪ್ಯಾನರಿನ ಚೀಲ ತಂದು ನನ್ನ ಮಡಿಲಿಗೆ ಹಾಕಿ ಸ್ಕೂಟರು ತೆಗೆದರು. ಕುಕ್ ಟೌನಿನಲ್ಲಿ ಕಾವಲಿನವನು, ಚರ್ಚಿನಿಂದ ಬಂದು ಹೊರಟು ಅರ್ಧ ಗಂಟೆಯಾಯಿತು ಎಂದ.

ಅಲ್ಲಿಂದ ಟಿನ್ ಫ್ಯಾಕ್ಟರಿಯವರೆಗಿನ ದಾರಿ ನನಗೆ ಸರಿಯಾಗಿ ನೆನಪಿಲ್ಲ. ಭಾಯ್ ಭುಜ ಹಿಡಿದಿದ್ದೆ. ಎಡಬಲ ಯಾವ ಕಾರು ಕಂಡರೂ ನೀಲಿಯೇ ಎಂದು ನೋಡುತ್ತಿದ್ದೆ. ಮುಂದೆ ಎಲ್ಲೋ ಹೊಗೆ ಎದ್ದದ್ದು ಕಂಡಿತು. ಹತ್ತಿರ ಹೋದರೆ ಡೀಸೆಲ್ ಲಾರಿ. ಇನ್ನೇನು ಮಾಡಿದರೂ ಮಾಡು, ಆ ಮಗುವಿನ ಕೈ ಮಾತ್ರ ಸುಡಬೇಡ ಎಂದು ಯಾರನ್ನೋ ಬೇಡಿಕೊಳ್ಳುತ್ತಿದ್ದೆ.

ಟಿನ್ ಫ್ಯಾಕ್ಟರಿಯ ಬಸ್ ನಿಲ್ದಾಣಕ್ಕೆ ಮುಂಚೆ ಎಲ್ಲ ನಿಂತಿತ್ತು. ಎರಡು ಬಸ್ಸುಗಳ ನಡುವೆ ತಿಳಿನೀಲಿ ಕಾರು, ಛಾವಣಿ ಮಡಚಿದೆ, ಟೀನಾ ಟೋಪಿ ಹಾಕಿಕೊಂಡು ಕಿತ್ತಳೆ ಸುಲಿಯುತ್ತಿದ್ದಾಳೆ. ಸ್ಕೂಟರಿನಿಂದ ಹಾರಿ ಓಡಿದೆ. ಹತ್ತು ಹೆಜ್ಜೆ ದೂರದಲ್ಲೇ ವಾಸನೆ ಬಡಿಯಿತು.

"ಮೇಡಂ, ಇಂಜಿನ್ ಆಫ್ ಮಾಡಿ! ಆಫ್ ಮಾಡಿ! ಮಗೂನ ಕೊಡಿ!"

ಮೇಡಂ ಗಾಬರಿಯಿಂದ ಕೀಲಿ ತಿರುಗಿಸಿದರು. ನಾನು ಮಗುವನ್ನು ಎತ್ತಿಕೊಂಡು ಫುಟ್‌ಪಾತಿಗೆ ಓಡಿದೆ. ಕಿತ್ತಳೆ ರಸ್ತೆಯಲ್ಲಿ ಬಿತ್ತೆಂದು ಅದು ಅತ್ತಿತು. ಬಸ್ಸಿಗೆ ಕಾಯುತ್ತಿದ್ದ ನಾಲ್ಕು ಜನ ಸೇರಿ ಕಾರನ್ನು ಪಕ್ಕಕ್ಕೆ ತಳ್ಳಿದರು. ಅವರಲ್ಲೊಬ್ಬನ ಬಾಯಲ್ಲಿ ಬೀಡಿ. "ಬಿಸಾಕೋ ಅದನ್ನ!" ಎಂದು ಭಾಯ್ ಅರಚಿದ ರೀತಿಗೆ ಅವನು ಬೀಡಿಯ ಜೊತೆ ತಾನೂ ಹಿಂದಕ್ಕೆ ಹಾರಿದ.

ಬಾನೆಟ್ ಎತ್ತಿದೆವು. ಹಿಂದಿನ ಕಾರ್ಬುರೇಟರಿನ ಬಟ್ಟಲೆಲ್ಲ ಒದ್ದೆ. ಪೆಟ್ರೋಲು ಸಣ್ಣಗೆ ಜಿನುಗಿ, ತಗಡಿನ ಅಂಚಿಗೆ ಬಂದು, ಅಲ್ಲಿಂದ ಒಂದೊಂದೇ ಹನಿಯಾಗಿ ಕೆಳಗೆ ಇಳಿಯುತ್ತಿತ್ತು. ಹೊಗೆಕೊಳವೆ ನಾಲ್ಕು ಬೆರಳಿನಷ್ಟು ದೂರ. ಅದರಿಂದ ಏಳುತ್ತಿದ್ದ ಶಾಖ ಮುಖಕ್ಕೆ ಹೊಡೆಯುತ್ತಿತ್ತು. ಅಷ್ಟು ಹೊತ್ತು ಅದು ಹೊತ್ತಿಕೊಳ್ಳದೆ ಇದ್ದದ್ದು ಹೇಗೆಂದು ನನಗೆ ಇವತ್ತಿಗೂ ತಿಳಿಯದು.

ಎಂಜಿನ್ನು ಆರುವ ತನಕ ಕಾದು ನಾನೇ ಸ್ಪ್ಯಾನರು ಹಿಡಿದೆ. ಮೊದಲು ಬಿಚ್ಚಿದ್ದು ಹೊರಹರಿವಿನ ಕೊಳವೆ. ಮುಚ್ಚಳದ ತೂತಿಗೆ ಕಣ್ಣು ಹಚ್ಚಿದೆ. ಒಳಗೆ ಏನೂ ಇಲ್ಲ, ಚೊಕ್ಕಟ. ಮುಂದಿನ ಕಾರ್ಬುರೇಟರಿನದೂ ಬಿಚ್ಚಿದೆ. ಅದೂ ಚೊಕ್ಕಟ. ಆ ಬೆಂಡು ಕಸದ ಜೊತೆ ಎಂದೋ ಹೋಗಿತ್ತು. ನನಗೆ ಎಂಥ ನಿರಾಳವಾಯಿತೆಂದರೆ, ಹೇಳಲು ನಾಚಿಕೆ, ನಗು ಬಂದುಬಿಟ್ಟಿತು.

ಹಾಗಾದರೆ ಜಿನುಗಿದ್ದು ಎಲ್ಲಿಂದ? ಪೆಟ್ರೋಲಿನ ಪೈಪಿನ ಬೋಲ್ಟಿಗೆ ಬೆರಳು ಹಚ್ಚಿದೆ. ಒದ್ದೆ. ಬಿಚ್ಚಿದೆ. ಕೆಳಗಿನ ಕೆಂಪು ವಾಷರು ಓರೆಯಾಗಿ ಕೂತು, ಬೋಲ್ಟಿನ ಬಿಗಿತಕ್ಕೆ ಒಂದು ಕಡೆ ಹಿಸುಕಿ ಹರಿದುಹೋಗಿತ್ತು. ಅದು ನನ್ನ ಮೇಜಿನ ಮೇಲೆ ನಡೆದ ಕೆಲಸವಲ್ಲ. ತಲೆ ಎತ್ತಿದೆ. ಭಾಯ್ ನೋಡುತ್ತಿದ್ದರು. ವಾಷರನ್ನು ನನ್ನ ಅಂಗೈಯಿಂದ ತೆಗೆದುಕೊಂಡು ತಮ್ಮ ಜೇಬಿಗೆ ಹಾಕಿಕೊಂಡರು. ಚೀಲದಿಂದ ಹೊಸ ವಾಷರು ತೆಗೆದುಕೊಟ್ಟರು. ನಾನು ಹಾಕಿ ಬಿಗಿದೆ.

ಒರೆಸಿ, ಆರಿಸಿ, ಎಂಜಿನ್ನು ಎಬ್ಬಿಸಿದೆವು. ಭಾಯ್ ಬಗ್ಗಿ ಕಿವಿಗೊಟ್ಟು ಕೇಳಿದರು. ಹನಿ ಬೀಳಲಿಲ್ಲ.

"ಆಯ್ತು ಮೇಡಂ" ಎಂದರು. "ಒಂದು ವಾಷರ್ ಕೈ ಕೊಟ್ಟಿತ್ತು. ಈಗ ಫಸ್ಟ್ ಕ್ಲಾಸ್. ಆರಾಮಾಗಿ ಹೋಗಿ."

ಗ್ಲೋರಿ ಮೇಡಂ ಮುಖ ಬಿಳಿಚಿಕೊಂಡಿತ್ತು. ಟೀನಾ ಅವರ ಸೊಂಟ ತಬ್ಬಿಕೊಂಡಿದ್ದಳು. ಅವರು ಭಾಯ್ ಕಡೆ ನೋಡಲಿಲ್ಲ. ನನ್ನನ್ನೇ ನೋಡಿದರು.

"ಸುಜಾತಾ, ನೀವು ಹೇಳಿ. ಮಗೂನ ಕೂರಿಸ್ಲಾ?"

ಭಾಯ್ ನನ್ನ ಪಕ್ಕದಲ್ಲೇ ನಿಂತಿದ್ದರು. ಇಡೀ ಕಂಟೋನ್ಮೆಂಟಿನಲ್ಲಿ ಅವರ ಮಾತಿನ ಮೇಲೆ ಕಾರು ರಸ್ತೆಗಿಳಿಯುತ್ತಿತ್ತು. ನನ್ನನ್ನು ಈ ಕೆಲಸಕ್ಕೆ ಕೈಹಿಡಿದು ತಂದವರು, ನನ್ನ ಹೆಸರು ಎತ್ತಿ ಆಡಿದವರು. ನಾನು ಹೂಂ ಎಂದರೆ ಮುಗಿಯುತ್ತಿತ್ತು. ಆದರೆ ಆ ದಿನ ಶೆಡ್ಡಿನಲ್ಲಿ ಅವರ ಕೈ ಬಿಗಿದದ್ದು ಒಂದೇ ಬೋಲ್ಟನ್ನಲ್ಲ. ಉಳಿದವನ್ನು ನಾನು ನೋಡಿರಲಿಲ್ಲ.

"ಬೇಡ ಮೇಡಂ" ಎಂದೆ. "ಎಲ್ಲಾ ಬಿಚ್ಚಿ ನೋಡೋವರ್ಗೂ ಕೂರಿಸ್ಬೇಡಿ. ನೀವೂ ಕೂರ್ಬೇಡಿ."

ಮೇಡಂ ತಲೆಯಾಡಿಸಿದರು. ಆಟೊ ಹಿಡಿದು ಮಗುವನ್ನು ಕರೆದುಕೊಂಡು ಹೋದರು. ಕಾರನ್ನು ಲಾರಿಯ ಮೇಲೆ ಹೇರಿ ಶಿವಾಜಿನಗರಕ್ಕೆ ತಂದದ್ದಾಯಿತು. ಸ್ಕೂಟರಿನಲ್ಲಿ ದಾರಿಯುದ್ದಕ್ಕೂ ಭಾಯ್ ಬೆನ್ನು ನನ್ನ ಮುಂದಿತ್ತು, ಅವರ ಮುಖ ಕಾಣಲಿಲ್ಲ.

ಮರುದಿನ ಶೆಡ್ಡಿನಲ್ಲಿ ನಾನು ಒಂದೊಂದೇ ಬೋಲ್ಟು ಬಿಚ್ಚಿದೆ. ಅವರು ಸ್ಟೂಲಿನ ಮೇಲೆ ಕೂತು ನೋಡಿದರು. ಮುಂದಿನ ಕಾರ್ಬುರೇಟರಿನ ವಾಷರೂ ಓರೆಯಾಗಿತ್ತು, ಅದು ಹರಿಯಲು ಇನ್ನೂ ಸ್ವಲ್ಪ ದಿನ ಬೇಕಿತ್ತು, ಅಷ್ಟೇ. ಎಲ್ಲ ಹೊಸದಾಗಿ ಕೂರಿಸಿ ಮುಗಿಸಿದಾಗ ಮಧ್ಯಾಹ್ನವಾಗಿತ್ತು. ಕೈ ತೊಳೆದುಕೊಂಡು ಅವರೆದುರು ನಿಂತೆ.

"ಭಾಯ್, ನಿನ್ನೆ ಮೇಡಂ ಮುಂದೆ ಹಾಗಂದಿದ್ದು ತಪ್ಪಾಯ್ತು."

"ತಪ್ಪಲ್ಲ ಮಾ. ಸರಿಯಾಗೇ ಹೇಳ್ದೆ." ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದರು. "ಬೆಂಡು ಕಮ್ಮಿ ಇದೆ ಅಂತ ನೀನು ಶನಿವಾರಾನೇ ಬಂದು ಹೇಳಿದ್ರೆ, ಇಲ್ಲೇ, ಇದೇ ಶೆಡ್ಡಲ್ಲಿ ಬಾನೆಟ್ ತೆಗೀತಿದ್ವಿ. ಆ ವಾಷರ್ ನಂಗೇ ಕಾಣ್ತಿತ್ತು. ಮೇಡಂ ಹತ್ರ ನಾನೇ ಹೋಗಿ, ನನ್ನ ಕೈ ಕೆಟ್ಟಿದೆ, ಮಗೂನ ಕೂರಿಸ್ಬೇಡಿ ಅಂತ ಹೇಳ್ತಿದ್ದೆ. ನಲವತ್ತು ವರ್ಷ ಮಾಡಿದೀನಿ. ಆ ಮಾತು ನಾನು ಹೇಳ್ಬೇಕಿತ್ತು, ಸುಜಾತಾ."